ಕಾನ್‌ಸ್ಟನ್ಸ್ ಮಹಾಸಭೆ (1414–1418) ಮತ್ತು ಚರ್ಚಿನ ಪರಮಾಧಿಕಾರದ ಪ್ರಶ್ನೆ

1. ಪೀಠಿಕೆ

ಪಶ್ಚಿಮ ಯೂರೋಪಿನ ಮತಸುಧಾರಣೆಯ ಚರಿತ್ರೆಯನ್ನು ನಮ್ಮ ಕಾಲೇಜುಗಳಲ್ಲಿ 1517ರಿಂದ ಆರಂಭಿಸುವುದು ವಾಡಿಕೆ. ವಿಟ್ಟೆನ್‌ಬರ್ಗಿನ ಅಧ್ಯಾಪಕನಾದ ಮಾರ್ಟಿನ್ ಲೂಥರನು ಕ್ಷಮಾಪತ್ರಗಳ ವ್ಯವಹಾರವನ್ನು ಪ್ರಶ್ನಿಸಿ 95 ಸೂತ್ರಗಳನ್ನು ಮುಂದಿಟ್ಟನು. ಅಲ್ಲಿಂದ ಪೋಪನ ಅಧಿಕಾರಕ್ಕೆ ಕುಂದು ಒದಗಿತು ಎಂದು ಪಾಠವು ಸಾಗುತ್ತದೆ. ಹೀಗೆ ಆರಂಭಿಸಿದಾಗ ಬಹು ಮುಖ್ಯವಾದ ಒಂದು ಸಂಗತಿ ಮರೆಯಾಗುತ್ತದೆ. ಲೂಥರನಿಗೆ ನೂರು ವರ್ಷ ಮೊದಲೇ ಪಶ್ಚಿಮದ ಚರ್ಚು ತಾನು ಪೋಪನೆಂದು ಮನ್ನಿಸಿದ್ದ ವ್ಯಕ್ತಿಯನ್ನು ವಿಚಾರಣೆಗೆ ಗುರಿಪಡಿಸಿ, ಪೀಠದಿಂದ ಇಳಿಸಿತ್ತು. ಆ ಕಾರ್ಯವನ್ನು ಮಾಡಿದವರು ಚರ್ಚಿನ ಶತ್ರುಗಳಲ್ಲ. ಅವರು ಕಾರ್ಡಿನಲ್‌ಗಳು, ಬಿಷಪ್ಪರು, ಮಠಾಧಿಪತಿಗಳು, ವಿಶ್ವವಿದ್ಯಾನಿಲಯಗಳ ಪಂಡಿತರು. 1415ರ ಮೇ 29ರಂದು ಅವರು ಇಪ್ಪತ್ತಮೂರನೆಯ ಜಾನ್ ಪೋಪನನ್ನು ಪದಚ್ಯುತಗೊಳಿಸಿದರು. ಅದೇ ಸಭೆಯು ಅದೇ ಊರಿನಲ್ಲಿ, ಆರು ವಾರಗಳೂ ತುಂಬುವುದರೊಳಗೆ, ಪೋಪನ ಅನಾಚಾರವನ್ನು ಖಂಡಿಸಿದ್ದ ಯಾನ್ ಹುಸ್ ಎಂಬ ಚೆಕ್ ಉಪದೇಶಕನನ್ನು ಪಾಷಂಡಿಯೆಂದು ತೀರ್ಮಾನಿಸಿ ದಹನಕ್ಕೆ ಒಪ್ಪಿಸಿತು.

ಈ ಎರಡು ತೀರ್ಪುಗಳನ್ನು ಒಟ್ಟಿಗಿರಿಸಿ ನೋಡಿದಾಗ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಪೋಪನು ಅಯೋಗ್ಯನಾದರೆ ಅವನಿಗೆ ವಿಧೇಯರಾಗಿರಬೇಕಾದುದಿಲ್ಲ ಎಂಬುದನ್ನು ಮಹಾಸಭೆ ತನ್ನ ನಡತೆಯಿಂದಲೇ ತೋರಿಸಿತು. ಹಾಗಾದರೆ ಹುಸ್‌ನು ಮಾಡಿದ ಅಪರಾಧವೇನು? ಇದನ್ನು ಕೇವಲ ಕಪಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಿಂದ ಆ ಕಾಲದ ಮನೋಧರ್ಮ ನಮಗೆ ಅರ್ಥವಾಗುವುದಿಲ್ಲ. ಈ ಎರಡು ತೀರ್ಪುಗಳ ಹಿಂದೆ ಇದ್ದ ವಿಚಾರವನ್ನು ಪರಿಶೀಲಿಸಿ, ಮುಂದಿನ ಶತಮಾನದ ಮತಸುಧಾರಣೆಗೂ ಇವಕ್ಕೂ ಇರುವ ಸಂಬಂಧವನ್ನು ನಿರ್ದೇಶಿಸುವುದು ಪ್ರಕೃತ ಲೇಖನದ ಉದ್ದೇಶ.

2. ಮಹಾಭೇದದ ಮೂಲ

1309ರಿಂದ ಪೋಪರು ರೋಮನ್ನು ಬಿಟ್ಟು ರೋನ್ ನದಿಯ ದಡದ ಅವಿನ್ಯೋನಿನಲ್ಲಿ ನೆಲಸಿದ್ದರು. ಅಲ್ಲಿ ಪೋಪನ ಆಸ್ಥಾನದ ಆಡಳಿತ ಸುವ್ಯವಸ್ಥಿತವಾಯಿತು, ತೆರಿಗೆಗಳ ವಸೂಲಿ ಬಿಗಿಯಾಯಿತು, ಚರ್ಚಿನ ಹುದ್ದೆಗಳ ನೇಮಕ ಹೆಚ್ಚು ಹೆಚ್ಚಾಗಿ ಪೋಪನ ಕೈಸೇರಿತು. ಆದರೆ ರೋಮಿನ ಬಿಷಪ್ಪನು ರೋಮಿನಲ್ಲಿಲ್ಲ ಎಂಬ ಅಸಮಾಧಾನ ಬೆಳೆಯುತ್ತಲೇ ಇತ್ತು. ಹನ್ನೊಂದನೆಯ ಗ್ರೆಗೊರಿ 1377ರ ಜನವರಿಯಲ್ಲಿ ರೋಮಿಗೆ ಹಿಂದಿರುಗಿ, 1378ರ ಮಾರ್ಚಿಯಲ್ಲಿ ಅಲ್ಲಿಯೇ ತೀರಿಕೊಂಡನು.

ಹೊಸ ಪೋಪನನ್ನು ಆರಿಸಲು ಸೇರಿದ ಕಾರ್ಡಿನಲ್‌ಗಳಲ್ಲಿ ಬಹುಮಂದಿ ಫ್ರೆಂಚರು. ಹೊರಗೆ ನೆರೆದ ರೋಮಿನ ಜನ, ರೋಮಿನವನನ್ನು, ಅದಾಗದಿದ್ದರೆ ಇಟಲಿಯವನನ್ನಾದರೂ ಆರಿಸಬೇಕೆಂದು ಗದ್ದಲವೆಬ್ಬಿಸಿದರು. ಏಪ್ರಿಲ್ 8ರಂದು ಬಾರಿ ನಗರದ ಆರ್ಚ್‌ಬಿಷಪ್ಪನು ಆರನೆಯ ಅರ್ಬನ್ ಎಂಬ ಹೆಸರಿನಿಂದ ಆಯ್ಕೆಯಾದನು. ಪೀಠವನ್ನೇರಿದೊಡನೆಯೇ ಅವನು ಕಾರ್ಡಿನಲ್‌ಗಳ ವೈಭವವನ್ನೂ ಧನಲೋಭವನ್ನೂ ಬಹಿರಂಗವಾಗಿ ನಿಂದಿಸತೊಡಗಿದನು. ಸುಧಾರಣೆಯ ಆಶಯ ಒಳ್ಳೆಯದಿದ್ದರೂ ಅವನ ಉಗ್ರ ಸ್ವಭಾವ ಅದನ್ನು ಕೆಡಿಸಿತು. ಕೆಲವೇ ತಿಂಗಳಲ್ಲಿ ಕಾರ್ಡಿನಲ್‌ಗಳು ರೋಮಿನಿಂದ ಹೊರಟುಹೋಗಿ, ತಾವು ಪ್ರಾಣಭಯದಿಂದ ಆಯ್ಕೆ ಮಾಡಿದುದರಿಂದ ಅದು ಅಸಿಂಧುವೆಂದು ಸಾರಿದರು. ಸೆಪ್ಟೆಂಬರ್ 20ರಂದು ಫೋಂಡಿ ಎಂಬಲ್ಲಿ ಜಿನೀವದ ರಾಬರ್ಟನನ್ನು ಏಳನೆಯ ಕ್ಲೆಮೆಂಟ್ ಎಂಬ ಹೆಸರಿನಿಂದ ಪೋಪನನ್ನಾಗಿ ಮಾಡಿದರು. ಕ್ಲೆಮೆಂಟನು ಅವಿನ್ಯೋನಿಗೆ ತೆರಳಿದನು.

ಹಿಂದೆಯೂ ಪ್ರತಿಸ್ಪರ್ಧಿ ಪೋಪರು ಇದ್ದರು. ಆದರೆ ಅವರನ್ನು ನಿಲ್ಲಿಸಿದವರು ಸಾಮಾನ್ಯವಾಗಿ ಚಕ್ರವರ್ತಿಗಳು ಅಥವಾ ರೋಮಿನ ಶ್ರೀಮಂತ ಮನೆತನಗಳು. ಈ ಬಾರಿ ಒಂದೇ ಕಾರ್ಡಿನಲ್ ಮಂಡಲಿ ಒಂದೇ ವರ್ಷದಲ್ಲಿ ಇಬ್ಬರನ್ನು ಆರಿಸಿತ್ತು. ಯಾರು ನಿಜವಾದ ಪೋಪನೆಂದು ತೀರ್ಮಾನಿಸಬಲ್ಲ ಮೇಲಿನ ನ್ಯಾಯಸ್ಥಾನ ಯಾವುದೂ ಇರಲಿಲ್ಲ. ರಾಜ್ಯಗಳು ತಮ್ಮ ರಾಜಕೀಯ ಹಿತವನ್ನು ಅನುಸರಿಸಿ ಪಕ್ಷ ವಹಿಸಿದುವು. ಫ್ರಾನ್ಸ್, ಅದರ ಮಿತ್ರರಾಜ್ಯವಾದ ಸ್ಕಾಟ್ಲೆಂಡ್, ಕಾಲಕ್ರಮದಲ್ಲಿ ಸ್ಪೇನಿನ ರಾಜ್ಯಗಳು ಅವಿನ್ಯೋನಿನ ಪರ ನಿಂತವು. ಇಂಗ್ಲೆಂಡ್, ಜರ್ಮನಿಯ ಬಹುಭಾಗ, ಹಂಗೇರಿ, ಪೋಲೆಂಡ್ ರೋಮಿನ ಪರವಾಗಿದ್ದುವು. ಪ್ರತಿ ಪೋಪನೂ ಎದುರಾಳಿಯ ಅನುಯಾಯಿಗಳಿಗೆ ಬಹಿಷ್ಕಾರ ಹಾಕಿದನು. ಎರಡು ಆಸ್ಥಾನಗಳನ್ನು ಸಾಕುವ ಭಾರ ಒಂದೇ ಕ್ರೈಸ್ತ ಪ್ರಪಂಚದ ಮೇಲೆ ಬಿದ್ದಿತು.

3. ಮಹಾಸಭಾವಾದದ ಆಧಾರ

ಈ ಇಕ್ಕಟ್ಟಿನಿಂದ ಪಾರಾಗುವ ಬಗೆಯನ್ನು ಹುಡುಕಿದವರಲ್ಲಿ ವಿಶ್ವವಿದ್ಯಾನಿಲಯಗಳ ಪಂಡಿತರು ಅಗ್ರಗಣ್ಯರು. ಗೆಲ್ನ್‌ಹೌಸೆನ್ನಿನ ಕಾನ್ರಾಡನು 1380ರಲ್ಲಿ, ಲಾಂಗೆನ್‌ಸ್ಟೈನಿನ ಹೆನ್ರಿಯು 1381ರಲ್ಲಿ, ಇಡೀ ಚರ್ಚಿನ ಮಹಾಸಭೆಯನ್ನು ಕರೆಯಬೇಕೆಂದು ವಾದಿಸಿದರು. ಮಹಾಸಭೆಯನ್ನು ಕರೆಯುವ ಹಕ್ಕು ಪೋಪನದು ಎಂಬುದು ಅಂಗೀಕೃತ ನಿಯಮ. ಆದರೆ ಯಾವ ಪೋಪನು ಎಂಬುದೇ ವಿವಾದವಾಗಿದ್ದಾಗ ನಿಯಮದ ಅಕ್ಷರವನ್ನು ಹಿಡಿದು ಕುಳಿತರೆ ನಿಯಮದ ಉದ್ದೇಶವೇ ಹಾಳಾಗುತ್ತದೆ ಎಂಬುದು ಅವರ ತರ್ಕ. ಅರಿಸ್ಟಾಟಲನ ನೀತಿಶಾಸ್ತ್ರದಿಂದ ಬಂದ ಒಂದು ಭಾವನೆ ಇದಕ್ಕೆ ಬೆಂಬಲವಾಯಿತು: ನ್ಯಾಯವನ್ನು ರಚಿಸಿದವನು ಮುಂಗಾಣದ ಸನ್ನಿವೇಶ ಒದಗಿದಾಗ, ಅವನ ಆಶಯವನ್ನು ನೋಡಿ ನಡೆಯಬೇಕೇ ಹೊರತು ಮಾತನ್ನು ನೋಡಿ ಅಲ್ಲ.

ಪ್ಯಾರಿಸ್ ವಿಶ್ವವಿದ್ಯಾನಿಲಯವು 1394ರಲ್ಲಿ ಮೂರು ಮಾರ್ಗಗಳನ್ನು ಸೂಚಿಸಿತು: ಇಬ್ಬರೂ ಪೀಠತ್ಯಾಗ ಮಾಡುವುದು, ಮಧ್ಯಸ್ಥರ ತೀರ್ಪಿಗೆ ಒಪ್ಪಿಸುವುದು, ಮಹಾಸಭೆಯನ್ನು ಕರೆಯುವುದು. ಮೊದಲೆರಡು ಮಾರ್ಗಗಳು ಪೋಪರ ಹಟದ ಮುಂದೆ ನಿಷ್ಫಲವಾದುವು. ಕಡೆಗೆ ಎರಡೂ ಪಕ್ಷಗಳ ಕಾರ್ಡಿನಲ್‌ಗಳು ಕೂಡಿ 1409ರಲ್ಲಿ ಪೀಸಾ ನಗರದಲ್ಲಿ ಸಭೆ ಸೇರಿಸಿ, ರೋಮಿನ ಹನ್ನೆರಡನೆಯ ಗ್ರೆಗೊರಿಯನ್ನೂ ಅವಿನ್ಯೋನ್ ಪರಂಪರೆಯ ಹದಿಮೂರನೆಯ ಬೆನೆಡಿಕ್ಟನನ್ನೂ ಪದಚ್ಯುತರೆಂದು ಸಾರಿ, ಐದನೆಯ ಅಲೆಕ್ಸಾಂಡರನನ್ನು ಆರಿಸಿದರು. ಮರುವರ್ಷ ಅವನು ಸಾಯಲು ಬಾಲ್ದಸ್ಸಾರೆ ಕೊಸ್ಸ ಎಂಬವನು ಇಪ್ಪತ್ತಮೂರನೆಯ ಜಾನ್ ಎಂದು ಪೀಠವೇರಿದನು. ಹಳೆಯವರಿಬ್ಬರೂ ಕದಲಲಿಲ್ಲ. ಇಬ್ಬರಿದ್ದ ಪೋಪರು ಮೂವರಾದರು.

ಮಹಾಸಭೆಯು ಪೋಪನಿಗಿಂತ ಮೇಲೆಂಬ ವಾದವನ್ನು ಬಹುಕಾಲ ವಿದ್ವಾಂಸರು ಹದಿನಾಲ್ಕನೆಯ ಶತಮಾನದ ಪೋಪ್‌ವಿರೋಧಿ ಲೇಖಕರಾದ ಪಾಡುವದ ಮಾರ್ಸಿಲಿಯೊ, ಆಕಮಿನ ವಿಲಿಯಂ ಮುಂತಾದವರಿಂದ ಬಂದುದೆಂದು ಬಗೆದಿದ್ದರು. 1955ರಲ್ಲಿ ಪ್ರಕಟವಾದ ಬ್ರಿಯಾನ್ ಟಿಯರ್ನಿಯವರ ಸಂಶೋಧನೆ ಈ ಅಭಿಪ್ರಾಯವನ್ನು ಬದಲಾಯಿಸಿತು. ಈ ವಾದದ ಬೇರುಗಳು ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳ ಚರ್ಚಿನ ನ್ಯಾಯಶಾಸ್ತ್ರಜ್ಞರಲ್ಲಿಯೇ ಇವೆಯೆಂಬುದನ್ನು ಅವರು ತೋರಿಸಿದರು. 1140ರ ಸುಮಾರಿಗೆ ಗ್ರೇಷಿಯನ್ ಸಂಕಲಿಸಿದ ನ್ಯಾಯಸಂಗ್ರಹದಲ್ಲಿ ಪೋಪನನ್ನು ಯಾರೂ ವಿಚಾರಿಸುವಂತಿಲ್ಲವೆಂಬ ನಿಯಮದೊಡನೆಯೇ, ಅವನು ಧರ್ಮಶ್ರದ್ಧೆಯಿಂದ ಚ್ಯುತನಾದ ಹೊರತು ಎಂಬ ಅಪವಾದವೂ ಸೇರಿದೆ. ಈ ಒಂದು ಅಪವಾದದ ಮೇಲೆ ವ್ಯಾಖ್ಯಾನಕಾರರು ಬರೆಯುತ್ತ ಹೋದರು. ಪೋಪನು ಪಾಷಂಡಿಯಾದನೆಂದು ನಿರ್ಣಯಿಸುವವರು ಯಾರು? ಬಹಿರಂಗವಾದ ಘೋರ ಅಪರಾಧವೂ ಪಾಷಂಡಕ್ಕೆ ಸಮವೇ? ಬಿಷಪ್ಪನಿಗೂ ಅವನ ಪ್ರಧಾನ ದೇವಾಲಯದ ಪಾದ್ರಿಮಂಡಲಿಗೂ ಇರುವ ಸಂಬಂಧದಂತೆಯೇ ಪೋಪನಿಗೂ ಇಡೀ ಚರ್ಚಿಗೂ ಸಂಬಂಧವುಂಟೆ? ಮಂಡಲಿಯ ವಿಷಯದಲ್ಲಿ ಉತ್ತರ ಸ್ಪಷ್ಟವಿತ್ತು: ಅಧಿಕಾರ ಶಿರಸ್ಸಿನಲ್ಲಿ ಮಾತ್ರವಲ್ಲ, ಇಡೀ ದೇಹದಲ್ಲಿದೆ, ಶಿರಸ್ಸು ವಿಫಲವಾದಾಗ ಅದು ಅವಯವಗಳಿಗೆ ಸಲ್ಲುತ್ತದೆ. ಇದನ್ನೇ ವಿಸ್ತರಿಸಿದಾಗ ಮಹಾಸಭಾವಾದ ಹುಟ್ಟಿತು. ಎಂದರೆ ಕಾನ್‌ಸ್ಟನ್ಸಿನಲ್ಲಿ ಸೇರಿದ ಪಂಡಿತರು ಸಂಪ್ರದಾಯದ ಒಳಗಿನಿಂದಲೇ ಮಾತನಾಡುತ್ತಿದ್ದರು. ಮುಂದಿನ ತೀರ್ಪುಗಳನ್ನು ವಿವೇಚಿಸುವಾಗ ಈ ಅಂಶವನ್ನು ಮರೆಯಲಾಗದು.

4. ಕಾನ್‌ಸ್ಟನ್ಸಿನ ನಿರ್ಣಯ

ನೇಪಲ್ಸಿನ ಅರಸ ಲಾಡಿಸ್ಲಾಸನು 1413ರಲ್ಲಿ ರೋಮನ್ನು ಹಿಡಿದಾಗ ನಿರಾಶ್ರಿತನಾದ ಜಾನ್ ಪೋಪನು ಜರ್ಮನಿಯ ಅರಸ ಸಿಗಿಸ್ಮಂಡನ ಮೊರೆಹೊಕ್ಕನು. ಸಿಗಿಸ್ಮಂಡನು ಸಹಾಯಕ್ಕೆ ಪ್ರತಿಯಾಗಿ ಮಹಾಸಭೆಯನ್ನು ಕರೆಯುವಂತೆ ಒತ್ತಾಯಪಡಿಸಿದನು. 1414ರ ನವೆಂಬರ್ 5ರಂದು ಸರೋವರ ತೀರದ ಕಾನ್‌ಸ್ಟನ್ಸ್ ನಗರದಲ್ಲಿ ಸಭೆ ಆರಂಭವಾಯಿತು. ಅದರ ಮುಂದೆ ಮೂರು ಕಾರ್ಯಗಳಿದ್ದುವು: ಭೇದವನ್ನು ಕೊನೆಗಾಣಿಸುವುದು, ಪಾಷಂಡವನ್ನು ನಿರ್ಮೂಲ ಮಾಡುವುದು, ಚರ್ಚನ್ನು ಶಿರಸ್ಸಿನಿಂದ ಅವಯವಗಳವರೆಗೆ ಸುಧಾರಿಸುವುದು.

ಜಾನನು ತನ್ನ ಕಡೆಯ ಇಟಲಿಯ ಬಿಷಪ್ಪರ ಸಂಖ್ಯಾಬಲವನ್ನು ನಂಬಿ ಬಂದಿದ್ದನು. ಆದರೆ ತಲೆಯೆಣಿಕೆಯಿಂದ ಮತ ಪಡೆಯುವ ಬದಲು ಇಟಲಿ, ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್ ಎಂಬ ನಾಲ್ಕು ರಾಷ್ಟ್ರವರ್ಗಗಳಾಗಿ ಸಭೆ ವಿಂಗಡವಾಗಿ, ವರ್ಗಕ್ಕೆ ಒಂದರಂತೆ ಮತ ನೀಡಬೇಕೆಂದು ನಿಶ್ಚಯವಾಯಿತು. ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿಗಳನ್ನು ರಾಷ್ಟ್ರಗಳಾಗಿ ವಿಂಗಡಿಸುತ್ತಿದ್ದ ಪದ್ಧತಿ ಇದಕ್ಕೆ ಮಾದರಿಯಾಗಿತ್ತು. ಇದರಿಂದ ಜಾನನ ಲೆಕ್ಕಾಚಾರ ತಲೆಕೆಳಗಾಯಿತು. ಉಳಿದಿಬ್ಬರೂ ಪೀಠ ಬಿಟ್ಟರೆ ತಾನೂ ಬಿಡುವುದಾಗಿ ಮಾರ್ಚಿಯಲ್ಲಿ ಮಾತುಕೊಟ್ಟ ಅವನು, ಮಾರ್ಚಿ 20ರ ರಾತ್ರಿ ವೇಷ ಮರೆಸಿಕೊಂಡು ಷಾಫ್‌ಹೌಸನ್ನಿಗೆ ಓಡಿಹೋದನು. ಕರೆದ ಪೋಪನೇ ಹೊರಟುಹೋದ ಮೇಲೆ ಸಭೆಗೆ ಅಸ್ತಿತ್ವವೆಲ್ಲಿಯದು ಎಂಬ ಶಂಕೆ ತಲೆದೋರಿತು. ಆಗ ಪ್ಯಾರಿಸ್ ವಿಶ್ವವಿದ್ಯಾನಿಲಯದ ಕುಲಪತಿ ಜಾನ್ ಗೆರ್ಸನನು, ಚರ್ಚು ಪೋಪನಿಲ್ಲದಿದ್ದರೂ ಚರ್ಚೇ ಎಂದು ಉಪದೇಶ ಮಾಡಿ ಸಭೆಯ ಧೈರ್ಯವನ್ನು ಉಳಿಸಿದವರಲ್ಲಿ ಒಬ್ಬನು.

ಏಪ್ರಿಲ್ 6ರಂದು ಸಭೆಯು ‘ಹೇಕ್ ಸಾಂಕ್ತ’ ಎಂದು ಪ್ರಸಿದ್ಧವಾದ ನಿರ್ಣಯವನ್ನು ಅಂಗೀಕರಿಸಿತು. ಇದರ ತಾತ್ಪರ್ಯವಿಷ್ಟು: ನ್ಯಾಯವಾಗಿ ನೆರೆದ ಈ ಮಹಾಸಭೆಯು ಇಡೀ ಚರ್ಚಿನ ಪ್ರತಿನಿಧಿ, ಇದರ ಅಧಿಕಾರ ನೇರವಾಗಿ ಕ್ರಿಸ್ತನಿಂದ ಬಂದುದು, ಆದುದರಿಂದ ಧರ್ಮಶ್ರದ್ಧೆ, ಭೇದನಿವಾರಣೆ, ಸುಧಾರಣೆ ಈ ಮೂರು ವಿಷಯಗಳಲ್ಲಿ ಪೋಪನನ್ನೂ ಒಳಗೊಂಡು ಯಾವ ಪದವಿಯವನಾದರೂ ಇದಕ್ಕೆ ವಿಧೇಯನಾಗಿರತಕ್ಕದ್ದು. ಸೆರೆಹಿಡಿದು ತರಲಾದ ಜಾನನನ್ನು ಧರ್ಮವಿಕ್ರಯ, ಚರ್ಚಿನ ಸ್ವತ್ತಿನ ದುರ್ವಿನಿಯೋಗ, ಲೋಕನಿಂದ್ಯವಾದ ನಡತೆ ಎಂಬ ಆರೋಪಗಳ ಮೇಲೆ ಪದಚ್ಯುತಗೊಳಿಸಲಾಯಿತು. ಹನ್ನೆರಡನೆಯ ಗ್ರೆಗೊರಿಯು ಜುಲೈ 4ರಂದು, ತನ್ನ ಹೆಸರಿನಲ್ಲಿ ಸಭೆಯನ್ನು ಮತ್ತೊಮ್ಮೆ ವಿಧ್ಯುಕ್ತವಾಗಿ ಕರೆದ ಮೇಲೆ, ಪೀಠತ್ಯಾಗ ಮಾಡಿದನು. ಸ್ಪೇನಿನ ರಾಜ್ಯಗಳ ಬೆಂಬಲವನ್ನು ಕಳೆದುಕೊಂಡ ಬೆನೆಡಿಕ್ಟನು ಪೆನಿಸ್ಕೊಲದ ಕೋಟೆಯಲ್ಲಿ ಕುಳಿತು ತಾನೇ ಪೋಪನೆಂದು ಸಾಧಿಸುತ್ತಿರಲು, 1417ರ ಜುಲೈ 26ರಂದು ಅವನನ್ನೂ ಪದಚ್ಯುತನೆಂದು ಸಾರಲಾಯಿತು.

ಹೊಸ ಪೋಪನ ಆಯ್ಕೆ ಮೊದಲೋ, ಸುಧಾರಣೆ ಮೊದಲೋ ಎಂಬ ವಾದ ಬಹುಕಾಲ ನಡೆಯಿತು. ಪೋಪನು ಬಂದ ಮೇಲೆ ಸುಧಾರಣೆ ಹಿಂದೆಬೀಳುವುದೆಂದು ಸಿಗಿಸ್ಮಂಡನೂ ಜರ್ಮನರೂ ಶಂಕಿಸಿದರು. ಇದಕ್ಕೆ ರಕ್ಷೆಯಾಗಿ 1417ರ ಅಕ್ಟೋಬರ್ 9ರಂದು ‘ಫ್ರೆಕ್ವೆನ್ಸ್’ ನಿರ್ಣಯವಾಯಿತು. ಮುಂದಿನ ಮಹಾಸಭೆ ಐದು ವರ್ಷಗಳಲ್ಲಿ, ಆಮೇಲಿನದು ಏಳು ವರ್ಷಗಳಲ್ಲಿ, ಅಲ್ಲಿಂದಾಚೆಗೆ ಹತ್ತು ವರ್ಷಗಳಿಗೊಮ್ಮೆ ಸೇರಬೇಕೆಂಬುದು ಅದರ ವಿಧಿ. ಅನಂತರ 23 ಮಂದಿ ಕಾರ್ಡಿನಲ್‌ಗಳೂ, ಸ್ಪೇನ್ ಸೇರಿ ಐದಾಗಿದ್ದ ರಾಷ್ಟ್ರವರ್ಗಗಳಿಂದ ಆರಾರರಂತೆ 30 ಮಂದಿ ಪ್ರತಿನಿಧಿಗಳೂ ಕೂಡಿ, ನವೆಂಬರ್ 11ರಂದು ಐದನೆಯ ಮಾರ್ಟಿನನನ್ನು ಆರಿಸಿದರು. ಸುಮಾರು ನಲವತ್ತು ವರ್ಷಗಳ ಭೇದ ಮುಗಿಯಿತು.

5. ಯಾನ್ ಹುಸ್‌ನ ವಿಚಾರಣೆ

ಬೊಹೀಮಿಯದ ರಾಜಧಾನಿಯಾದ ಪ್ರಾಗ್ ನಗರದಲ್ಲಿ ಬೆತ್ಲೆಹೆಮ್ ಎಂಬ ಪ್ರಾರ್ಥನಾಮಂದಿರವಿತ್ತು. ಅಲ್ಲಿ 1402ರಿಂದ ಹುಸ್‌ನು ಚೆಕ್ ಭಾಷೆಯಲ್ಲಿ ಉಪದೇಶ ಮಾಡುತ್ತಿದ್ದನು. ಆಕ್ಸ್‌ಫರ್ಡಿನ ಪಂಡಿತ ಜಾನ್ ವಿಕ್ಲಿಫನ ಗ್ರಂಥಗಳು ಆ ವೇಳೆಗೆ ಪ್ರಾಗನ್ನು ತಲಪಿದ್ದುವು. ನಿಜವಾದ ಚರ್ಚು ದೇವರು ಮೊದಲೇ ಆರಿಸಿದವರ ಸಮುದಾಯ, ಪಾದ್ರಿಗಳ ಶ್ರೇಣಿಯಲ್ಲ ಎಂಬ ವಿಕ್ಲಿಫನ ಸಿದ್ಧಾಂತ ಹುಸ್‌ನ ಮನಸ್ಸನ್ನು ಸೆಳೆಯಿತು. ಪ್ರಭುಭೋಜನ ಸಂಸ್ಕಾರದ ವಿಷಯದಲ್ಲಿ ಮಾತ್ರ ಅವನು ವಿಕ್ಲಿಫನನ್ನು ಅನುಸರಿಸಲಿಲ್ಲ. ಈ ವಿವಾದದಲ್ಲಿ ಜನಾಂಗಗಳ ಸ್ಪರ್ಧೆಯೂ ಬೆರೆಯಿತು. 1409ರಲ್ಲಿ ಅರಸ ವೆನ್ಸೆಸ್ಲಾಸನು ವಿಶ್ವವಿದ್ಯಾನಿಲಯದಲ್ಲಿ ಚೆಕ್ಕರಿಗೆ ಹೆಚ್ಚಿನ ಮತಗಳನ್ನು ಕೊಟ್ಟಾಗ ಜರ್ಮನ್ ಅಧ್ಯಾಪಕರೂ ವಿದ್ಯಾರ್ಥಿಗಳೂ ಹೊರಟುಹೋದರು. ಲೈಪ್‌ಜಿಗ್ ವಿಶ್ವವಿದ್ಯಾನಿಲಯ ಅವರಿಂದ ಹುಟ್ಟಿತು.

1412ರಲ್ಲಿ ಜಾನ್ ಪೋಪನು ಲಾಡಿಸ್ಲಾಸನ ಮೇಲಿನ ಯುದ್ಧಕ್ಕೆ ಹಣ ಕೂಡಿಸಲು ಕ್ಷಮಾಪತ್ರಗಳನ್ನು ಹೊರಡಿಸಿದಾಗ ಹುಸ್‌ನು ಅದನ್ನು ಬಹಿರಂಗವಾಗಿ ವಿರೋಧಿಸಿದನು. ಕ್ರೈಸ್ತರು ಕ್ರೈಸ್ತರನ್ನು ಕೊಲ್ಲಲು ಪಾಪಕ್ಷಮೆಯನ್ನು ಬೆಲೆಗೆ ಕೊಡುವುದು ಧರ್ಮಸಮ್ಮತವಲ್ಲವೆಂಬುದು ಅವನ ಆಕ್ಷೇಪಣೆ. ಪ್ರತಿಭಟಿಸಿದ ಮೂವರು ತರುಣರ ತಲೆ ಕಡಿಯಲಾಯಿತು. ಹುಸ್‌ನ ಮೇಲೆ ಬಹಿಷ್ಕಾರವೂ, ಅವನಿದ್ದ ಊರಿನಲ್ಲಿ ಧಾರ್ಮಿಕ ಕ್ರಿಯೆಗಳಿಗೆ ನಿಷೇಧವೂ ಬಂದುವು. ಅವನು ಪೋಪನ ತೀರ್ಪಿನ ಮೇಲೆ ಮೇಲ್ಮನವಿಯನ್ನು ಸಲ್ಲಿಸಿದನು. ಆದರೆ ಯಾವ ಮಾನವ ನ್ಯಾಯಸ್ಥಾನಕ್ಕೂ ಅಲ್ಲ, ಯೇಸು ಕ್ರಿಸ್ತನಿಗೇ. ಆಮೇಲೆ ನಗರವನ್ನು ಬಿಟ್ಟು, ಗ್ರಾಮಾಂತರದಲ್ಲಿದ್ದು, 1413ರಲ್ಲಿ ಚರ್ಚನ್ನು ಕುರಿತ ತನ್ನ ಮುಖ್ಯ ಗ್ರಂಥವನ್ನು ಮುಗಿಸಿದನು.

ಸಿಗಿಸ್ಮಂಡನ ಅಭಯಪತ್ರದ ಭರವಸೆಯ ಮೇಲೆ ಹುಸ್‌ನು 1414ರ ನವೆಂಬರ್ 3ರಂದು ಕಾನ್‌ಸ್ಟನ್ಸಿಗೆ ಬಂದನು. ಅದೇ ತಿಂಗಳ 28ರಂದು ಅವನನ್ನು ಬಂಧಿಸಲಾಯಿತು. ಮೊದಲು ಕೋಪಗೊಂಡ ಸಿಗಿಸ್ಮಂಡನು, ಸಭೆಯೇ ಮುರಿದುಬೀಳುವುದೆಂಬ ಬೆದರಿಕೆಗೆ ಮಣಿದನು. ವಿಚಾರಣೆ 1415ರ ಜೂನ್ 5, 7, 8ರಂದು ನಡೆಯಿತು. ಪದಚ್ಯುತನಾದ ಪೋಪನನ್ನು ಸೆರೆಯಿಟ್ಟ ಗಾಟ್‌ಲೀಬೆನ್ ಕೋಟೆಯೇ ಅಲ್ಪಕಾಲ ಮೊದಲು ಹುಸ್‌ನ ಸೆರೆಮನೆಯಾಗಿತ್ತು.

ವಿಚಾರಣೆಯನ್ನು ಕಣ್ಣಾರೆ ಕಂಡ ಮ್ಲಾದೊನೊವಿಟ್ಸದ ಪೀಟರನು ಬರೆದ ವೃತ್ತಾಂತ ನಮಗೆ ಉಳಿದಿದೆ. ಮಾರಕ ಪಾಪದಲ್ಲಿರುವ ಪೋಪನಾಗಲಿ ಬಿಷಪ್ಪನಾಗಲಿ ದೇವರ ದೃಷ್ಟಿಯಲ್ಲಿ ಯೋಗ್ಯನಾದ ಪೋಪನಲ್ಲ, ಬಿಷಪ್ಪನಲ್ಲ ಎಂಬ ವಾಕ್ಯದ ಮೇಲೆ ಅವನನ್ನು ಪ್ರಶ್ನಿಸಿದಾಗ, ಅರಸನ ವಿಷಯದಲ್ಲಿಯೂ ಹಾಗೆಯೇ ಎಂದು ಹುಸ್‌ನು ಉತ್ತರವಿತ್ತನು. ಕಿಟಕಿಯ ಬಳಿ ಮಾತಿನಲ್ಲಿ ತೊಡಗಿದ್ದ ಸಿಗಿಸ್ಮಂಡನನ್ನು ಕರೆದು ಆ ಮಾತನ್ನು ಮತ್ತೆ ಹೇಳಿಸಲಾಯಿತು. ಪಾಪವಿಲ್ಲದವನು ಯಾರೂ ಇಲ್ಲವೆಂದು ಅರಸನು ನುಡಿದನು. ಪಾದ್ರಿಗಳನ್ನು ಕೆಡಹಿದ್ದು ಸಾಲದೆ ಈಗ ಅರಸರನ್ನೂ ಕೆಡಹಲು ಹೊರಟಿದ್ದಾನೆಂದು ಕಾರ್ಡಿನಲ್ ಪಿಯೆರ್ ದಾಯಿ ಆಕ್ಷೇಪಿಸಿದನು. ಜಾನನು ನಿಜವಾದ ಪೋಪನಾಗಿದ್ದರೆ ನೀವೇಕೆ ಅವನನ್ನು ಇಳಿಸಿದಿರಿ ಎಂದು ಹುಸ್‌ನು ಕೇಳಿದಾಗ, ಅವನು ನಿಜವಾದ ಪೋಪನೇ ಆಗಿದ್ದನು, ಪ್ರಕಟವಾದ ದುಷ್ಕೃತ್ಯಗಳಿಗಾಗಿ ಅವನನ್ನು ಇಳಿಸಲಾಯಿತು ಎಂಬ ಉತ್ತರ ಸಿಗಿಸ್ಮಂಡನಿಂದ ಬಂದಿತು. ಇಡೀ ವಿವಾದದ ತಿರುಳು ಈ ಪ್ರಶ್ನೋತ್ತರದಲ್ಲಿದೆ.

ಸಭೆಯು ಹುಸ್‌ನ ಸಾವನ್ನು ಬಯಸಿ ಕುಳಿತಿರಲಿಲ್ಲ. ಮೃದುವಾದ ಮಾತುಗಳಲ್ಲಿ ಪರಿತ್ಯಾಗ ಪತ್ರವೊಂದನ್ನು ಸಿದ್ಧಪಡಿಸಿ, ಅದನ್ನು ಒಪ್ಪುವಂತೆ ಅವನನ್ನು ಹಲವರು ಬೇಡಿಕೊಂಡರು. ಹುಸ್‌ನು ಕೊಟ್ಟ ಉತ್ತರ ಒಂದೇ. ತಾನು ಎಂದೂ ಹೇಳದ ಮಾತುಗಳನ್ನು ಬಿಟ್ಟೆನೆಂದು ಪ್ರಮಾಣ ಮಾಡಿದರೆ ಅದು ಸುಳ್ಳುಸಾಕ್ಷಿಯಾಗುತ್ತದೆ. ಉಳಿದುವು ತಪ್ಪೆಂದು ಧರ್ಮಗ್ರಂಥದಿಂದ ತೋರಿಸಿದರೆ ಬಿಡಲು ಸಿದ್ಧ. ಜುಲೈ 6ರಂದು ಪ್ರಧಾನ ದೇವಾಲಯದಲ್ಲಿ ಅವನ ಪಾದ್ರಿಪದವಿಯನ್ನು ಕಿತ್ತು, ಪಿಶಾಚಿಗಳ ಚಿತ್ರವಿದ್ದ ಕಾಗದದ ಕಿರೀಟವನ್ನು ತಲೆಗಿಟ್ಟು, ಲೌಕಿಕ ಅಧಿಕಾರಿಗಳ ವಶಕ್ಕೆ ಕೊಟ್ಟರು. ಊರ ಹೊರಗೆ ಅವನನ್ನು ಸುಟ್ಟು, ಬೂದಿಯನ್ನು ರೈನ್ ನದಿಗೆ ಚೆಲ್ಲಿದರು. ಅವನ ಗೆಳೆಯ ಪ್ರಾಗಿನ ಜೆರೋಮನಿಗೆ 1416ರ ಮೇ 30ರಂದು ಇದೇ ಗತಿಯಾಯಿತು. ಪದಚ್ಯುತನಾದ ಕೊಸ್ಸನಾದರೋ ಹೊಸ ಪೋಪನಿಗೆ ಶರಣಾಗಿ, ಮತ್ತೆ ಕಾರ್ಡಿನಲ್ ಪದವಿ ಪಡೆದು, 1419ರಲ್ಲಿ ಮಡಿದನು. ಫ್ಲಾರೆನ್ಸಿನ ದೀಕ್ಷಾಮಂದಿರದಲ್ಲಿ ದೊನತೆಲ್ಲೊ ಮತ್ತು ಮಿಕೆಲೊಟ್ಸೊ ನಿರ್ಮಿಸಿದ ಅವನ ಸಮಾಧಿ ಇಂದಿಗೂ ಇದೆ.

6. ಎರಡು ತೀರ್ಪುಗಳ ತುಲನೆ

ಮೇಲ್ನೋಟಕ್ಕೆ ಎರಡು ಪಕ್ಷಗಳೂ ಹೇಳಿದುದು ಒಂದೇ: ದುಷ್ಟನಾದ ಪೋಪನಿಗೆ ಚರ್ಚು ತಲೆಬಾಗಬೇಕಾದುದಿಲ್ಲ. ಆದರೆ ಆ ದುಷ್ಟತನವನ್ನು ನಿರ್ಣಯಿಸುವವರು ಯಾರು ಎಂಬಲ್ಲಿ ಇಬ್ಬರೂ ಬೇರೆಯಾಗುತ್ತಾರೆ. ಗೆರ್ಸನ್, ದಾಯಿ ಮುಂತಾದವರ ಮತದಲ್ಲಿ ಪದವಿ ಬೇರೆ, ಪದವೀಧರ ಬೇರೆ. ಪದವೀಧರನು ಎಷ್ಟೇ ಪಾಪಿಯಾದರೂ, ವಿಧಿಬದ್ಧವಾದ ಸಭೆ ಸಾಕ್ಷಿಗಳನ್ನು ವಿಚಾರಿಸಿ ತೀರ್ಪು ಕೊಡುವವರೆಗೂ ಅವನ ಕಾರ್ಯಗಳೆಲ್ಲ ಸಿಂಧು. ಹೀಗಲ್ಲದಿದ್ದರೆ, ಪಾದ್ರಿಯ ಅಂತರಂಗವನ್ನು ಅರಿಯಲಾರದ ಸಾಮಾನ್ಯ ಭಕ್ತನಿಗೆ ತಾನು ಪಡೆದ ಸಂಸ್ಕಾರ ಸಾರ್ಥಕವೋ ಅಲ್ಲವೋ ಎಂಬ ನಿಶ್ಚಯವೇ ಇರದು. ಐದನೆಯ ಶತಮಾನದಲ್ಲಿ ಡೊನಾಟಸ್ ಪಂಥದವರೊಡನೆ ವಾದಿಸಿದಾಗ ಸಂತ ಆಗಸ್ಟೀನನು ಎತ್ತಿಹಿಡಿದ ನಿಲುವು ಇದೇ. ಹುಸ್‌ನು ಪಾಪಿಯಾದ ಪಾದ್ರಿಯ ಸಂಸ್ಕಾರಗಳು ವ್ಯರ್ಥವೆಂದು ಹೇಳಲಿಲ್ಲ. ಯೋಗ್ಯತೆಯನ್ನು ಕುರಿತು ಮಾತ್ರ ಮಾತನಾಡಿದ್ದನು. ಆದರೆ ನ್ಯಾಯಾಧೀಶರು ಅವನ ಹಿಂದೆ ವಿಕ್ಲಿಫನನ್ನೂ, ವಿಕ್ಲಿಫನ ಹಿಂದೆ ಡೊನಾಟಸನನ್ನೂ ಕಂಡರು.

ಇನ್ನೂ ಆಳವಾದ ಭೇದ ಕ್ರಿಸ್ತನಿಗೆ ಸಲ್ಲಿಸಿದ ಮೇಲ್ಮನವಿಯಲ್ಲಿದೆ. ಮಹಾಸಭಾವಾದಿಗಳು ಪೋಪನ ಮೇಲೆ ಇನ್ನೊಂದು ನ್ಯಾಯಸ್ಥಾನವನ್ನು ಸ್ಥಾಪಿಸಲು ಮೂವತ್ತೈದು ವರ್ಷ ದುಡಿದಿದ್ದರು. ಹುಸ್‌ನ ಮನವಿ ಆ ಎರಡನೆಯ ನ್ಯಾಯಸ್ಥಾನವನ್ನೂ ದಾಟಿ ಹೋಯಿತು. ಧರ್ಮಗ್ರಂಥದಿಂದ ತೋರಿಸಿರಿ ಎಂದು ಅವನು ಕೇಳಿದಾಗ, ತೋರಿಸಿದುದು ಸಾಕಾಯಿತೆ ಇಲ್ಲವೆ ಎಂದು ನಿರ್ಣಯಿಸುವ ಹಕ್ಕನ್ನು ತನ್ನ ಅಂತಃಸಾಕ್ಷಿಗೆ ಉಳಿಸಿಕೊಂಡನು. ಪೋಪನನ್ನು ಇಳಿಸಿ ತಾನೇ ಪರಮಾಧಿಕಾರಿಯೆಂದು ಸಾರಿದ ಸಭೆಗೆ ಇದು ಸಹಿಸಲಾಗದ ಮಾತು. ತಮ್ಮ ಶ್ರದ್ಧೆಯ ವಿಷಯದಲ್ಲಿ ಅನುಮಾನಕ್ಕೆ ಎಡೆಯಿರಬಾರದೆಂಬ ಎಚ್ಚರವೂ ಅವರಿಗೆ ಇತ್ತು. ಪೋಪನ ಅಧಿಕಾರವನ್ನು ಮಿತಗೊಳಿಸುವವರು ಪಾಷಂಡದ ವಿಷಯದಲ್ಲಿ ಸಡಿಲರೆಂಬ ಅಪವಾದ ಬಂದಿದ್ದರೆ ಅವರ ಕಾರ್ಯವೆಲ್ಲ ಕುಸಿಯುತ್ತಿತ್ತು. ಆದುದರಿಂದ ಪೋಪನ ಪದಚ್ಯುತಿಯೂ ಹುಸ್‌ನ ದಹನವೂ ಪರಸ್ಪರ ವಿರುದ್ಧವಲ್ಲ. ಎರಡೂ ಮಹಾಸಭೆಯ ಪರಮಾಧಿಕಾರದ ಒಂದೇ ಪ್ರತಿಪಾದನೆಯ ಎರಡು ಮುಖಗಳು.

ಇಷ್ಟನ್ನು ಒಪ್ಪಿದರೂ ಸಭೆಯ ಮೇಲಿನ ದೋಷ ತೊಲಗುವುದಿಲ್ಲ. ಅಭಯಪತ್ರವನ್ನು ಮುರಿದುದಕ್ಕೆ ಸಮರ್ಥನೆಯಾಗಿ, ಅರಸರ ಅಭಯವು ಚರ್ಚಿನ ನ್ಯಾಯಾಧೀಶರನ್ನು ತಡೆಯಲಾರದೆಂದು ಆಮೇಲೆ ನಿರ್ಣಯ ಮಾಡಬೇಕಾಯಿತು. ಹುಸ್‌ನ ಗ್ರಂಥದಿಂದ ಆಯ್ದ ವಾಕ್ಯಗಳನ್ನು ಸಂದರ್ಭದಿಂದ ಬಿಡಿಸಿ ಓದಲಾಯಿತು. ಅವನು ಒಪ್ಪದ ಅಭಿಪ್ರಾಯಗಳನ್ನು ಅವನ ತಲೆಗೆ ಕಟ್ಟಲಾಯಿತು. ಪೋಪನ ನಿರಂಕುಶತೆಯ ವಿರುದ್ಧ ವಿಧಿಬದ್ಧ ವಿಚಾರಣೆಯನ್ನು ಬೇಡಿದವರು ಆ ವಿಧಿಯನ್ನು ದುರ್ಬಲನಿಗೆ ಪೂರ್ಣವಾಗಿ ಸಲ್ಲಿಸಲಿಲ್ಲ.

7. ಬಾಸೆಲ್ ಮತ್ತು ಅನಂತರ

ಬೊಹೀಮಿಯ ಕೆರಳಿತು. 1415ರ ಸೆಪ್ಟೆಂಬರಿನಲ್ಲಿ ಬೊಹೀಮಿಯ ಮತ್ತು ಮೊರೇವಿಯದ 452 ಮಂದಿ ಶ್ರೀಮಂತರು ಪ್ರತಿಭಟನಾಪತ್ರಕ್ಕೆ ಮುದ್ರೆಯೊತ್ತಿದರು. ಜನಸಾಮಾನ್ಯರಿಗೂ ಸಂಸ್ಕಾರದಲ್ಲಿ ರೊಟ್ಟಿಯೊಡನೆ ದ್ರಾಕ್ಷಾರಸವನ್ನು ಕೊಡಬೇಕೆಂಬ ಬೇಡಿಕೆ ಅವರ ಧ್ವಜವಾಯಿತು. 1420ರಿಂದ 1431ರವರೆಗೆ ಅವರ ಮೇಲೆ ಹೂಡಿದ ಧರ್ಮಯುದ್ಧಗಳೆಲ್ಲ ಸೋತವು. ಖಡ್ಗದಿಂದ ಆಗದುದನ್ನು ಮಾತಿನಿಂದ ಸಾಧಿಸಲು ಬಾಸೆಲ್ ಮಹಾಸಭೆ (1431–1449) ಹುಸ್ ಪಂಥದವರನ್ನು ಆಹ್ವಾನಿಸಿತು. ನಮ್ಮ ನಾಡಿಗೆ 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನಿನ ಮೂಲಕ ಪರಿಚಿತವಾದ ನಗರವೇ ಇದು. ಹುಸ್‌ನ ಗತಿಯನ್ನು ಮರೆಯದ ಚೆಕ್ಕರು ಮೊದಲೇ ವಾದದ ನಿಯಮವನ್ನು ಗೊತ್ತುಮಾಡಿಕೊಂಡರು. 1432ರಲ್ಲಿ ಖೆಬ್ ಎಂಬಲ್ಲಿ ಆದ ಒಪ್ಪಂದದಂತೆ, ಧರ್ಮಗ್ರಂಥ, ಕ್ರಿಸ್ತ ಮತ್ತು ಅಪೊಸ್ತಲರ ಆಚರಣೆ, ಆದಿಚರ್ಚಿನ ನಡವಳಿಕೆ, ಇವುಗಳನ್ನು ಅನುಸರಿಸಿದ ಮಹಾಸಭೆಗಳು ಮತ್ತು ಆಚಾರ್ಯರು ನ್ಯಾಯಾಧೀಶರು. ಹುಸ್‌ನಿಗೆ ನಿರಾಕರಿಸಿದುದನ್ನು ಅವನ ಅನುಯಾಯಿಗಳು ಹದಿನೇಳು ವರ್ಷಗಳ ಬಳಿಕ ಪಡೆದರು. 1436ರ ಒಡಂಬಡಿಕೆಯಲ್ಲಿ ದ್ರಾಕ್ಷಾರಸದ ಹಕ್ಕೂ ದೊರೆಯಿತು.

ಆದರೆ ಬಾಸೆಲ್ ಸಭೆ ನಾಲ್ಕನೆಯ ಯುಜೀನ್ ಪೋಪನೊಡನೆ ಜಗಳವಾಡಿ 1439ರಲ್ಲಿ ಅವನನ್ನು ಪದಚ್ಯುತನೆಂದು ಸಾರಿ, ಸವಾಯ್ ಪ್ರಭುವನ್ನು ಐದನೆಯ ಫೆಲಿಕ್ಸ್ ಎಂದು ಆರಿಸಿತು. ಭೇದವನ್ನು ತೊಡೆಯಲೆಂದು ಹುಟ್ಟಿದ ಸಂಸ್ಥೆಯೇ ಭೇದವನ್ನು ಹುಟ್ಟಿಸಿದಾಗ ಜನರ ವಿಶ್ವಾಸ ಕಳಚಿತು. ಅರಸರು ಸಭೆಯನ್ನು ತೋರಿಸಿ ಪೋಪನನ್ನು ಬೆದರಿಸಿ, ತಮ್ಮ ತಮ್ಮ ರಾಜ್ಯದ ಚರ್ಚಿನ ಮೇಲೆ ಹತೋಟಿಯನ್ನು ಪಡೆದುಕೊಂಡು, ಸಭೆಯನ್ನು ಕೈಬಿಟ್ಟರು. ಫೆಲಿಕ್ಸನ ಕಾರ್ಯದರ್ಶಿಯಾಗಿದ್ದ ಈನಿಯಾಸ್ ಸಿಲ್ವಿಯಸನೇ ಮುಂದೆ ಎರಡನೆಯ ಪಯಸ್ ಪೋಪನಾಗಿ, ಪೋಪನ ತೀರ್ಪಿನ ಮೇಲೆ ಮುಂದಣ ಮಹಾಸಭೆಗೆ ಮನವಿ ಸಲ್ಲಿಸುವುದನ್ನು 1460ರಲ್ಲಿ ನಿಷೇಧಿಸಿದನು. ‘ಫ್ರೆಕ್ವೆನ್ಸ್’ ವಿಧಿಸಿದ ಹತ್ತು ವರ್ಷಗಳ ಕ್ರಮ ನಿಂತುಹೋಯಿತು.

1518ರ ನವೆಂಬರಿನಲ್ಲಿ ಲೂಥರನು ಮಹಾಸಭೆಗೆ ಮನವಿ ಸಲ್ಲಿಸಿದಾಗ ಅವನು ಹಳೆಯ ಮಾರ್ಗವನ್ನೇ ಹಿಡಿದಿದ್ದನು. ಮರುವರ್ಷ ಲೈಪ್‌ಜಿಗ್ಗಿನ ವಾದದಲ್ಲಿ ಎದುರಾಳಿ ಯೋಹಾನ್ ಎಕ್ಕನು ಅವನನ್ನು ಹುಸ್‌ನ ಅನುಯಾಯಿಯೆಂದು ಜರೆದನು. ಹುಸ್‌ನ ವಾಕ್ಯಗಳಲ್ಲಿ ಹಲವು ಕ್ರೈಸ್ತಧರ್ಮಕ್ಕೆ ಸಮ್ಮತವೆಂದು ಲೂಥರನು ಒಪ್ಪಿದೊಡನೆ, ಕಾನ್‌ಸ್ಟನ್ಸ್ ಸಭೆ ತಪ್ಪಿತೆಂದೂ ಒಪ್ಪಬೇಕಾಯಿತು. ಮಹಾಸಭೆಗಳೂ ತಪ್ಪಬಲ್ಲವೆಂಬ ಮಾತು ಅಲ್ಲಿ ಹೊರಬಿದ್ದಿತು. ಪೋಪನ ಮೇಲೆ ಸಭೆ, ಸಭೆಯ ಮೇಲೆ ಯಾರು ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಹುಸ್‌ನದೇ: ಧರ್ಮಗ್ರಂಥ ಮತ್ತು ಅದಕ್ಕೆ ಬದ್ಧವಾದ ಅಂತಃಸಾಕ್ಷಿ. 1521ರಲ್ಲಿ ವರ್ಮ್ಸ್ ಸಭೆಗೆ ಅವನು ಅಭಯಪತ್ರದೊಡನೆ ಬಂದಾಗ ಹುಸ್‌ನ ನೆನಪು ಎಲ್ಲರಿಗೂ ಇತ್ತು. ಈ ಬಾರಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಕೊಟ್ಟ ಮಾತನ್ನು ಉಳಿಸಿಕೊಂಡನು. ಮಹಾಸಭೆಯೆಂದರೆ ಅಂಜುತ್ತಿದ್ದ ಪೋಪರು ಅದನ್ನು ಮುಂದೂಡುತ್ತ ಬಂದು, ಟ್ರೆಂಟಿನಲ್ಲಿ ಸಭೆ ಆರಂಭವಾದಾಗ 1545 ಆಗಿತ್ತು. ಅಷ್ಟರಲ್ಲಿ ಪಶ್ಚಿಮದ ಚರ್ಚು ಒಡೆದುಹೋಗಿತ್ತು.

8. ಉಪಸಂಹಾರ

ಕಾನ್‌ಸ್ಟನ್ಸಿನ ನಿರ್ಣಯ ಆ ಸಂಕಟಕಾಲಕ್ಕೆ ಮಾತ್ರ ಅನ್ವಯಿಸುವ ಉಪಾಯವೇ, ಶಾಶ್ವತ ಸಿದ್ಧಾಂತವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 1870ರ ವ್ಯಾಟಿಕನ್ ಸಭೆ ಪೋಪನ ಪರಮಾಧಿಕಾರವನ್ನು ಸಾರಿತು; 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಭೆಯ ಸಮಯದಲ್ಲಿ ‘ಹೇಕ್ ಸಾಂಕ್ತ’ದ ಸ್ವರೂಪವನ್ನು ಕುರಿತು ಪಂಡಿತರು ಮತ್ತೆ ವಾದಿಸಿದರು. ಪೋಪರ ಕ್ರಮಸಂಖ್ಯೆಯಲ್ಲಿಯೂ ಈ ಗೊಂದಲದ ಗುರುತಿದೆ. 1492ರಲ್ಲಿ ಆಯ್ಕೆಯಾದ ಅಲೆಕ್ಸಾಂಡರನು ಆರನೆಯವನೆನಿಸಿದುದರಿಂದ ಪೀಸಾದ ಐದನೆಯ ಅಲೆಕ್ಸಾಂಡರನು ಲೆಕ್ಕದಲ್ಲಿ ಉಳಿದನು. 1958ರಲ್ಲಿ ಆಯ್ಕೆಯಾದ ಪೋಪರು ಇಪ್ಪತ್ತಮೂರನೆಯ ಜಾನ್ ಎಂಬ ಹೆಸರನ್ನು ಧರಿಸಿದುದರಿಂದ ಅವನ ಉತ್ತರಾಧಿಕಾರಿಯಾದ ಕೊಸ್ಸನು ಲೆಕ್ಕದಿಂದ ಬಿದ್ದನು. ಕೊಸ್ಸನು ಪೋಪನೇ ಅಲ್ಲವಾದರೆ ಪೋಪನನ್ನು ಪದಚ್ಯುತಗೊಳಿಸಿದ ಪೂರ್ವನಿದರ್ಶನವೂ ಇಲ್ಲವಾಗುತ್ತದೆ. ಸಿಗಿಸ್ಮಂಡನು ಹುಸ್‌ನಿಗೆ ಕೊಟ್ಟ ಉತ್ತರವನ್ನು ರೋಮಿನ ಚರ್ಚು ಹೀಗೆ ಐದು ಶತಮಾನಗಳ ಮೇಲೆ ಮೌನವಾಗಿ ತಿದ್ದಿತು. 1999ರ ಡಿಸೆಂಬರಿನಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಹುಸ್‌ನ ಕ್ರೂರವಾದ ಸಾವಿಗೆ ಗಾಢವಾದ ವಿಷಾದವನ್ನು ವ್ಯಕ್ತಪಡಿಸಿದರು.

ಕಾನ್‌ಸ್ಟನ್ಸಿನ ಪಂಡಿತರು ಅಧಿಕಾರವನ್ನು ಒಬ್ಬನ ಕೈಯಿಂದ ಹಲವರ ಕೈಗೆ ತಂದರು. ಇದು ಸಣ್ಣ ಸಾಧನೆಯಲ್ಲ. ಪ್ರಾತಿನಿಧ್ಯ, ಸಮ್ಮತಿ, ಅಧಿಕಾರದ ಮಿತಿ ಎಂಬ ಭಾವನೆಗಳು ಯೂರೋಪಿನ ರಾಜ್ಯಶಾಸ್ತ್ರಕ್ಕೆ ಇಳಿದುಬಂದ ದಾರಿಗಳಲ್ಲಿ ಇದೂ ಒಂದು. ಆದರೆ ಹಲವರೂ ತಪ್ಪಬಲ್ಲರು, ತಪ್ಪಿದಾಗ ಒಬ್ಬನ ಅಂತಃಸಾಕ್ಷಿಗೆ ಎಡೆಯಿರಬೇಕು ಎಂಬುದನ್ನು ಅವರು ಕಾಣಲಿಲ್ಲ. ಆ ಎಡೆಯನ್ನು ಅವರು ಬಿಟ್ಟುಕೊಟ್ಟಿದ್ದರೆ ಸುಧಾರಣೆ ಚರ್ಚಿನ ಒಳಗಿನಿಂದಲೇ ಆಗುತ್ತಿತ್ತೆ ಎಂಬುದು ಚರಿತ್ರೆಕಾರನು ಉತ್ತರಿಸಬಹುದಾದ ಪ್ರಶ್ನೆಯಲ್ಲ. ಮಹಾಸಭೆಯ ಮಾರ್ಗ 1460ರಲ್ಲಿ ಮುಚ್ಚಿದಾಗ, ಸುಧಾರಣೆಯನ್ನು ಬಯಸಿದವರಿಗೆ ಉಳಿದುದು ಹುಸ್‌ನ ಮಾರ್ಗವೊಂದೇ ಎಂಬುದನ್ನು ಮಾತ್ರ ನಾವು ಹೇಳಬಹುದು. 1517ರ ಪಾಠವನ್ನು ಆರಂಭಿಸುವ ಅಧ್ಯಾಪಕರು ಒಂದು ತರಗತಿಯ ಅವಧಿಯನ್ನಾದರೂ 1415ಕ್ಕೆ ಮೀಸಲಿಡುವುದು ಆದುದರಿಂದ ಉಚಿತ.